ಮುಳ್ಳು ಸರಿಯಾಗಿದ್ದರೂ ಕಾರು ತಡವರಿಸುವುದೇಕೆ?



ಈ ಪತ್ರಿಕೆಯಲ್ಲಿ ಬೀಜೋಪಚಾರ, ಕಾಂಪೋಸ್ಟ್ ಗುಂಡಿ, ತೆಂಗಿನ ಕಪ್ಪುತಲೆ ಹುಳು ಮುಂತಾದ ವಿಷಯಗಳನ್ನು ಬರೆಯುತ್ತಿದ್ದವನು ಈ ಸಲ ಮೋಟಾರು ಕಾರಿನ ಮಾತು ಎತ್ತಿದ್ದೇನೆಂದು ಕೆಲವರಿಗೆ ಸೋಜಿಗವಾಗಬಹುದು. ನಾನು ಓದಿದ್ದು ಕೃಷಿ ಡಿಪ್ಲೊಮಾ, ಮೆಕ್ಯಾನಿಕ್ಕನಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಈಗ ಹಳೆಯ ಕಾರುಗಳು ಬಹಳವಾಗಿವೆ. ಮಾರುತಿ 800 ಕಾರಿನ ತಯಾರಿಕೆ 2014 ರಲ್ಲಿ ನಿಂತಿತು; ಅಂಬಾಸಿಡರ್ ನಿಂತದ್ದೂ ಅದೇ ವರ್ಷ. ಪಟ್ಟಣದವರು ಕೈಬಿಟ್ಟ ಇಂತಹ ಗಾಡಿಗಳು ನಮ್ಮ ಕೊಟ್ಟಿಗೆಯ ಪಕ್ಕದ ಚಪ್ಪರದಡಿ ಬಂದು ನಿಂತಿವೆ. ಅವು ಷೋಕಿಗೆ ಇರುವಂಥವಲ್ಲ. ಹೆರಿಗೆಗೆ, ಹಾವು ಕಚ್ಚಿದಾಗ, ಪರೀಕ್ಷೆಯ ದಿನ ಬಸ್ಸು ತಪ್ಪಿದಾಗ ಊರಿಗೆಲ್ಲ ಅದೊಂದೇ ಗಾಡಿ ದಿಕ್ಕು.

ಕಳೆದ ಮಳೆಗಾಲಕ್ಕೆ ಮುಂಚೆ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ವಿಭಾಗದ ಒಂದು ಊರಿನಲ್ಲಿ ಹಿರಿಯ ರೈತರೊಬ್ಬರಿದ್ದಾರೆ. ಅವರ ಮನೆಯವರಿಗೆ ಮೂತ್ರಪಿಂಡದ ತೊಂದರೆಯಾಗಿ, ವಾರಕ್ಕೆ ಎರಡು ದಿನ ಸುಮಾರು ನಲವತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಬೇಕು. ಬೆಳಗಿನ ಜಾವ ಹೊರಡಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಅದಕ್ಕಾಗಿಯೇ ಇಪ್ಪತ್ತು ವರ್ಷ ದಾಟಿದ ಒಂದು ಸಣ್ಣ ಪೆಟ್ರೋಲ್ ಕಾರನ್ನು ಕೊಂಡಿದ್ದರು. ನಾನು ತೆಂಗಿನ ತೋಟ ನೋಡಲು ಹೋದ ದಿನ ಅವರ ಅಂಗಳದಲ್ಲಿ ದಲ್ಲಾಳಿಯೊಬ್ಬ ಕೂತು ಹಸುವಿನ ಹಲ್ಲು ನೋಡುತ್ತಿದ್ದ.

"ಏನು ಯಜಮಾನರೇ, ಹಾಲು ಕೊಡೋ ಹಸು ಯಾಕೆ ಮಾರ್ತೀರಿ?" ಎಂದೆ.

"ಇನ್ನೇನ್ಮಾಡ್ಲಿ ಸಾರ್, ಕಾರಿನ ಇಂಜಿನ್ ಬಿಚ್ಚಬೇಕಂತೆ. ಬೆಳಿಗ್ಗೆ ಚೆನ್ನಾಗೇ ಎಳೀತದೆ. ಹತ್ತು ಕಿಲೋಮೀಟ್ರು ಹೋಗ್ತಿದ್ದಂಗೆ ಕೆಮ್ಮಕ್ಕೆ ಶುರು ಮಾಡ್ತದೆ. ಏರು ಬಂದ್ರೆ ತುಳಿದಷ್ಟೂ ಹಿಂದಕ್ಕೇ ಎಳದಂಗಾಯ್ತದೆ. ಮೊನ್ನೆ ಏರಲ್ಲೇ ನಿಂತೋಯ್ತು. ಇವಳ್ನ ರಸ್ತೇಲಿ ಕೂರಿಸ್ಕೊಂಡು ಒಂದ್ ಗಂಟೆ ಕಾದೆ. ಬಿಸಿ ಆಯ್ತಿದೆ, ಒಳಗೆ ಹೆಡ್ ಹೋಗದೆ ಅಂದ್ರು ಗ್ಯಾರೇಜಿನವರು."

ಅವರು ಹೀಗೆಂದಾಗ ನನಗೂ ಅದು ಸರಿಯೆಂದೇ ತೋರಿತು. ತಣ್ಣಗಿದ್ದಾಗ ಓಡುತ್ತದೆ, ಬಿಸಿಯಾದ ಮೇಲೆ ತಡವರಿಸುತ್ತದೆ. ಹಾಗಿದ್ದಮೇಲೆ ಬಿಸಿಯೇ ರೋಗವೆಂದು ಯಾರಾದರೂ ಹೇಳುತ್ತಾರೆ. ರೇಡಿಯೇಟರಿನ ಫ್ಯಾನು ಸದಾ ತಿರುಗುತ್ತಲೇ ಇತ್ತೆಂಬುದೂ ಅದಕ್ಕೆ ಸಾಕ್ಷಿಯಂತಿತ್ತು. ಒಂದು ತಿಂಗಳ ಹಿಂದೆಯೇ ಗ್ಯಾರೇಜಿನವರು ಥರ್ಮೋಸ್ಟಾಟನ್ನು ಕಿತ್ತು, "ಇನ್ನು ತಂಪಾಗಿರುತ್ತೆ" ಎಂದು ಹೇಳಿ ಕಳುಹಿಸಿದ್ದರಂತೆ. ಅದನ್ನು ಕೇಳಿ ನಾನೂ "ಒಳ್ಳೆಯದೇ ಮಾಡಿದ್ದಾರೆ" ಎಂದುಬಿಟ್ಟೆ. ಈ ತಪ್ಪನ್ನು ಮುಚ್ಚಿಡುವುದಿಲ್ಲ. ಆ ರಾತ್ರಿ ಯೋಚಿಸುವಾಗ ಡಿಪ್ಲೊಮಾ ಓದುವಾಗಿನ ಡೀಸೆಲ್ ಪಂಪ್‌ಸೆಟ್ಟಿನ ಪಾಠ ನೆನಪಿಗೆ ಬಂತು. ಪಂಪು ಎತ್ತಿದ ನೀರಿನಲ್ಲಿ ಒಂದು ಪಾಲು ಎಂಜಿನ್ನಿನ ಸುತ್ತ ಹರಿದು ಹೊರಬರುತ್ತದೆಯಲ್ಲವೆ? ಆ ನಲ್ಲಿಯನ್ನು ಪೂರ್ತಿ ತಿರುಗಿಸಬಾರದು, ಹೊರಬರುವ ನೀರು ಕೈಗೆ ಚೆನ್ನಾಗಿ ಬಿಸಿ ತಾಗುವಂತಿರಬೇಕು ಎಂದು ನಮ್ಮ ಮೇಷ್ಟ್ರು ಒತ್ತಿ ಹೇಳುತ್ತಿದ್ದರು. ಎಂಜಿನ್ನಿಗೆ ತಂಪು ಹೆಚ್ಚಾದರೂ ಕೇಡೇ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದವನು ಕಾರಿನ ಮುಂದೆ ನಿಂತಾಗ ಅದನ್ನು ಮರೆತಿದ್ದೆ.

ಆದುದರಿಂದ ಎಂಜಿನ್ನಿಗೆ ಸಹಜವಾದ ಬಿಸಿ ಎಷ್ಟು ಎಂಬುದನ್ನು ಮೊದಲು ತಿಳಿಯಬೇಕು. ನೀರಿನಿಂದ ತಂಪಾಗುವ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ನಿನ ನೀರು ಸಾಮಾನ್ಯವಾಗಿ 80 ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುತ್ತದೆ. ಇದಕ್ಕಿಂತ ಬಹಳ ಕಡಿಮೆಯಾದರೆ ಪೆಟ್ರೋಲು ಸರಿಯಾಗಿ ಆವಿಯಾಗದೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಎಣ್ಣೆಯಲ್ಲಿ ಸೇರಿದ ನೀರಿನ ಪಸೆ ಆರದೆ ಕೆಸರು ಕಟ್ಟುತ್ತದೆ, ಮೈಲೇಜು ಬೀಳುತ್ತದೆ. "ನೂರು ಡಿಗ್ರಿಗೆ ನೀರು ಕುದಿಯುವುದಿಲ್ಲವೇ?" ಎಂದು ಕೇಳುವವರುಂಟು. ನಿಜ ಹೇಳಬೇಕೆಂದರೆ ತುಮಕೂರು, ಹಾಸನದಂತಹ ಎತ್ತರದ ಜಿಲ್ಲೆಗಳಲ್ಲಿ ಒಲೆಯ ಮೇಲಿನ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆದರೆ ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ. ಅದರಲ್ಲಿ ಸ್ಪ್ರಿಂಗ್ ಇದ್ದು, ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಮನೆಯ ಕುಕ್ಕರಿನ ನ್ಯಾಯವೇ ಇಲ್ಲಿಯೂ. ಮುಚ್ಚಳದ ಮೇಲೆ 0.9 ಎಂದು ಬರೆದಿದ್ದರೆ ಆ ಒತ್ತಡದಲ್ಲಿ ನೀರು ಸುಮಾರು 118 ಡಿಗ್ರಿಯವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಹರಿದಿದ್ದರೆ ಮಾತ್ರ ಈ ರಕ್ಷೆ ಇರುವುದಿಲ್ಲ. ಬಿಸಿ ಗಾಡಿಯಲ್ಲಿ ಈ ಮುಚ್ಚಳ ತೆಗೆಯುವುದು ಎಷ್ಟು ಅಪಾಯವೆಂಬುದೂ ಇದರಿಂದಲೇ ತಿಳಿಯುತ್ತದೆ. ತೆಗೆದ ಕ್ಷಣ ಒತ್ತಡ ಇಳಿದು ಬಿಸಿನೀರು ಆವಿಯೊಡನೆ ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ನನ್ನು ಕೈಯಿಂದ ಮುಟ್ಟಬಹುದಾದಷ್ಟು ಆರುವವರೆಗೆ ಯಾರೂ ಅದಕ್ಕೆ ಕೈ ಹಾಕಕೂಡದು.

ಇನ್ನು ಥರ್ಮೋಸ್ಟಾಟ್ ಎಂದರೇನು? ಕೆರೆಯ ತೂಬಿಗೆ ನೀರುಗಂಟಿ ಇದ್ದ ಹಾಗೆ ಎಂಜಿನ್ನಿನ ನೀರಿಗೆ ಇದು. ಗದ್ದೆಗೆ ಬೇಡದಾಗ ನೀರುಗಂಟಿ ತೂಬು ಮುಚ್ಚಿರುತ್ತಾನೆ, ಬೇಕಾದಷ್ಟೇ ತೆಗೆಯುತ್ತಾನೆ. ಥರ್ಮೋಸ್ಟಾಟಿನ ಒಳಗೆ ಒಂದು ಬಗೆಯ ಮೇಣ ತುಂಬಿರುತ್ತದೆ. ಎಂಜಿನು ತಣ್ಣಗಿರುವಾಗ ಅದು ಬಾಗಿಲನ್ನು ಮುಚ್ಚಿ, ನೀರು ರೇಡಿಯೇಟರಿಗೆ ಹೋಗದಂತೆ ತಡೆಯುತ್ತದೆ. ಬಿಸಿ ಏರಿದಾಗ ಮೇಣ ಕರಗಿ ಉಬ್ಬಿ, ಬಾಗಿಲನ್ನು ತಳ್ಳಿ ತೆರೆಯುತ್ತದೆ. ತೆರೆಯಲಾರಂಭಿಸುವ ಡಿಗ್ರಿಯನ್ನು ಅದರ ಲೋಹದ ಮೇಲೆಯೇ ಒತ್ತಿರುತ್ತಾರೆ. 82 ಅಥವಾ 88 ಎಂಬುದು ಸಾಮಾನ್ಯ. ನೀರುಗಂಟಿಯನ್ನು ಓಡಿಸಿ ತೂಬನ್ನು ಹಗಲಿರುಳು ತೆರೆದಿಟ್ಟರೆ ಬೇಸಾಯ ಚೆನ್ನಾಗುತ್ತದೆಂದು ನಂಬುವ ರೈತನಿಲ್ಲ. ಕಾರಿನಲ್ಲಿ ಮಾತ್ರ ನಾವು ಹಾಗೆ ನಂಬುತ್ತೇವೆ.

ಥರ್ಮೋಸ್ಟಾಟ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಕೈಯಿಂದಲೇ ಪರೀಕ್ಷಿಸಬಹುದು. ಬೆಳಿಗ್ಗೆ ತಣ್ಣಗಿರುವ ಗಾಡಿಯನ್ನು ಚಾಲೂ ಮಾಡಿ, ಎಂಜಿನ್ನಿನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ರಬ್ಬರು ಪೈಪನ್ನು ಆಗಾಗ ಮುಟ್ಟಿ ನೋಡಬೇಕು. ಪಂಚೆಯ ಅಂಚು, ಸೆರಗು, ಬೆರಳುಗಳನ್ನು ಫ್ಯಾನಿನಿಂದಲೂ ಬೆಲ್ಟಿನಿಂದಲೂ ದೂರವಿಟ್ಟುಕೊಳ್ಳಿ. ಕರೆಂಟಿನ ಫ್ಯಾನು ಹೇಳದೆ ಕೇಳದೆ ತಿರುಗಿಬಿಡುತ್ತದೆ. ಸರಿಯಾದ ಥರ್ಮೋಸ್ಟಾಟ್ ಇದ್ದರೆ ಆ ಪೈಪು ಕೆಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ. ಮೊದಲಿನಿಂದಲೇ ಮೆಲ್ಲಮೆಲ್ಲನೆ ಬೆಚ್ಚಗಾಗುತ್ತ ಬಂದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಇಲ್ಲವೆ ಇಲ್ಲವೇ ಇಲ್ಲ. ಮುಳ್ಳು ಮೇಲೇರಿದರೂ ಪೈಪು ತಣ್ಣಗಿದ್ದರೆ ಅದು ಮುಚ್ಚಿಕೊಂಡು ಸಿಕ್ಕಿದೆ ಅಥವಾ ನೀರು ಕಡಿಮೆಯಾಗಿದೆ. ಆಗ ಗಾಡಿಯನ್ನು ಕೂಡಲೆ ನಿಲ್ಲಿಸತಕ್ಕದ್ದು. ಹೊಸದನ್ನು ತಂದರೆ ಹಾಕುವ ಮುಂಚೆ ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ ನೋಡಿ. ನೀರು ಕುದಿಯುವ ಹೊತ್ತಿಗೆ ಬಾಗಿಲು ಚೆನ್ನಾಗಿ ತೆರೆದಿರಬೇಕು, ಆರಿದಮೇಲೆ ಮುಚ್ಚಬೇಕು. ಪಾತ್ರೆಯನ್ನು ಅಡಿಗೆಮನೆಯಿಂದ ಕೇಳದೆ ತರಬೇಡಿ.

ಉಷ್ಣಮಾಪಕದ ಮಾತು ಬಂದಾಗ ಒಂದು ಹಾಸ್ಯವನ್ನೂ ಹೇಳಬೇಕು. 2020 ರಲ್ಲಿ ಕೊರೋನ ಕಾಲದಲ್ಲಿ ಊರೂರಿಗೂ ಬಂದ, ಹಣೆಗೆ ಹಿಡಿಯುವ ಪಿಸ್ತೂಲಿನಂಥ ಉಷ್ಣಮಾಪಕವನ್ನು ನಾನು ಜಂಬದಿಂದ ರೇಡಿಯೇಟರಿಗೆ ಹಿಡಿದೆ. ಅದು 'ಹೈ' ಎಂದು ತೋರಿಸಿ ಸುಮ್ಮನಾಯಿತು. ಮನುಷ್ಯನ ಜ್ವರಕ್ಕೆ ಮಾಡಿದ ಯಂತ್ರ ನಲವತ್ತೆರಡು ಡಿಗ್ರಿಯ ಆಸುಪಾಸಿನ ಮೇಲೆ ಅಳೆಯುವುದಿಲ್ಲ. ಕಾರ್ಖಾನೆಯ ಕೆಲಸಕ್ಕೆಂದು ಮಾರುವ ಪಿಸ್ತೂಲು ಬೇರೆಯಿದೆ. ಅದನ್ನೂ ಹೊಳೆಯುವ ಲೋಹಕ್ಕೆ ಹಿಡಿದರೆ ತಪ್ಪು ಲೆಕ್ಕ ಬರುತ್ತದೆ. ಥರ್ಮೋಸ್ಟಾಟಿನ ಪಕ್ಕದ ಕಪ್ಪು ರಬ್ಬರಿಗೇ ಹಿಡಿಯಬೇಕು.

ಮುಂದಿನ ಭಾನುವಾರ ಹೋಗಿ, ಯಜಮಾನರ ಮಗನ ನೆರವಿನಿಂದ ಹೊಸ ಥರ್ಮೋಸ್ಟಾಟ್ ಹಾಕಿದೆವು. ಒಳಗಿದ್ದ ನೀರು ಬೋರ್‌ವೆಲ್ಲಿನದು. ಬಚ್ಚಲ ಹಂಡೆಯೊಳಗೆ ಕಟ್ಟುವಂತಹ ಬಿಳಿಯ ಸುಣ್ಣದ ಪದರ ಪೈಪಿನ ಬಾಯಿಗೆಲ್ಲ ಕಟ್ಟಿತ್ತು. ಹನಿ ನೀರಾವರಿಯ ತೂತುಗಳನ್ನು ಕಟ್ಟಿಹಾಕುವುದೂ ಇದೇ ಗಡಸು ನೀರು. ಅದನ್ನು ಹಲವು ಸಲ ತೊಳೆದು, ಕೂಲಂಟನ್ನೂ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೂ ಸಮನಾಗಿ ಬೆರೆಸಿ ತುಂಬಿದೆವು. ಕೂಲಂಟು ವಿಷ, ಮತ್ತು ಅದರ ರುಚಿ ಸಿಹಿ. ಚೆಲ್ಲಿದ್ದನ್ನು ನಾಯಿಯೋ ಕರುವೋ ನೆಕ್ಕಿದರೆ ಸಾಯುತ್ತದೆ. ಆದಕಾರಣ ಹಳೆಯದನ್ನು ಚರಂಡಿಗೆ, ದನ ನೀರು ಕುಡಿಯುವ ಕಡೆಗೆ ಬಿಡದೆ ಡಬ್ಬಿಯಲ್ಲಿ ಹಿಡಿದು ಮುಚ್ಚಿಡಿ. ಮಕ್ಕಳ ಕೈಗೆ ಸಿಗದಿರಲಿ.

ಗಾಡಿ ಚಾಲೂ ಮಾಡಿದೆವು. ಮುಳ್ಳು ನಡುವಿಗೆ ಸ್ವಲ್ಪ ಕೆಳಗೆ ಬಂದು ನಿಂತಿತು. ಪೈಪು ಹೇಳಿದಂತೆಯೇ ತಡವಾಗಿ ಬಿಸಿಯಾಯಿತು. ರೇಡಿಯೇಟರಿನಲ್ಲಿ ಗುಳ್ಳೆ ಏಳಲಿಲ್ಲ. ಎಣ್ಣೆಯ ಕಡ್ಡಿಯಲ್ಲಿ ಹಾಲಿನಂಥ ನೊರೆ ಇರಲಿಲ್ಲ. ಹೊಗೆಕೊಳವೆಯಲ್ಲಿ ಬಿಳಿಯ ಹೊಗೆ ನಿಲ್ಲದೆ ಬರುತ್ತಿರಲಿಲ್ಲ. ನೀರಿನ ಮಟ್ಟ ಇಳಿಯಲಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಈ ನಾಲ್ಕರಲ್ಲಿ ಒಂದಾದರೂ ಸಾಮಾನ್ಯವಾಗಿ ಕಾಣುತ್ತದೆ. ಯಜಮಾನರು ಹಿಗ್ಗಿದರು. ಆದರೆ ಹತ್ತು ಕಿಲೋಮೀಟರ್ ಓಡಿಸಿ ಏರು ಹತ್ತಿಸಿದಾಗ ಗಾಡಿ ಮತ್ತೆ ಕೆಮ್ಮಿತು. ಮುಳ್ಳು ಅಲುಗಿರಲಿಲ್ಲ.

ಬಿಸಿ ಸಹಜವಾಗಿದೆ, ಆದರೂ ತಡವರಿಕೆ ಹೋಗಲಿಲ್ಲ. ಇಂತಹ ಹೊತ್ತಿನಲ್ಲಿ ಕೈಚೆಲ್ಲಿ "ಬಿಚ್ಚಿಬಿಡಿ" ಎನ್ನುವುದು ಮನುಷ್ಯ ಸ್ವಭಾವ. ನಿಜಕ್ಕೂ ಆಗ ಅರ್ಧ ದಾರಿ ಬಂದಂತಾಗಿತ್ತು. ಬಿಸಿ ರೋಗವಲ್ಲವೆಂದು ಗೊತ್ತಾಯಿತಲ್ಲ! ಇನ್ನು ಉಳಿದ ಗುರುತುಗಳನ್ನು ನೋಡಿದೆವು. ತಡವರಿಸುವಾಗ ಹಿಂದೆ ಕಪ್ಪು ಹೊಗೆ, ಪೆಟ್ರೋಲಿನ ವಾಸನೆ. ಪ್ಲಗ್ ಬಿಚ್ಚಿದರೆ ಮೂರೂ ಒಲೆಯ ಮಸಿಯಂತೆ ಒಣ ಕಪ್ಪು. ಅಂದರೆ ಎಂಜಿನ್ನಿಗೆ ಪೆಟ್ರೋಲು ಬೇಕಾದುದಕ್ಕಿಂತ ಹೆಚ್ಚಾಗಿ ಹೋಗುತ್ತಿದೆ. ತಣ್ಣಗಿದ್ದಾಗ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಬೇಕು, ಆದುದರಿಂದ ಆಗ ಚೆನ್ನಾಗಿ ಓಡುತ್ತದೆ. ಬಿಸಿಯಾದ ಮೇಲೂ ಅಷ್ಟೇ ಸುರಿದರೆ ಉಸಿರು ಕಟ್ಟುತ್ತದೆ. ಹಾಗಾದರೆ ಎಂಜಿನು ಬಿಸಿಯಾಗಿದೆಯೆಂದು ಪೆಟ್ರೋಲು ಅಳೆದು ಕೊಡುವವನಿಗೆ ತಿಳಿದೇ ಇಲ್ಲ.

ಅಳೆದು ಕೊಡುವವನು ಯಾರು? ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಚೋಕ್ ಈ ಕೆಲಸ ಮಾಡುತ್ತಿತ್ತು. ಎಂಪಿಎಫ್‌ಐ ಎಂಬ, ಪೆಟ್ರೋಲನ್ನು ಚಿಮುಕಿಸುವ ಗಾಡಿಗಳಲ್ಲಿ ಒಂದು ಸಣ್ಣ ಕಂಪ್ಯೂಟರಿದೆ. ಅದಕ್ಕೆ ಬಿಸಿಯ ಸುದ್ದಿ ಹೇಳಲು ಎಂಜಿನ್ನಿನ ನೀರಿನಲ್ಲಿ ಮುಳುಗಿರುವ ಒಂದು ಸೆನ್ಸಾರು. ವಾಚಕರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇದು: ಅನೇಕ ಕಾರುಗಳಲ್ಲಿ ಮೀಟರಿನ ಮುಳ್ಳಿಗೆ ಸುದ್ದಿ ಕೊಡುವ ಸೆನ್ಸಾರೇ ಬೇರೆ, ಕಂಪ್ಯೂಟರಿಗೆ ಕೊಡುವುದೇ ಬೇರೆ. ಮುಳ್ಳು ಸತ್ಯ ಹೇಳುತ್ತಿರುವಾಗಲೇ ಕಂಪ್ಯೂಟರಿಗೆ ಸುಳ್ಳು ವರದಿ ಹೋಗುತ್ತಿರಬಹುದು. ಅಲ್ಲದೆ ಬಹಳ ಮೀಟರುಗಳಲ್ಲಿ ಮುಳ್ಳು ಹಲವು ಡಿಗ್ರಿ ಏರಿಳಿದರೂ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ, ಓಡಿಸುವವನು ಗಾಬರಿಯಾಗದಿರಲೆಂದು.

ಈ ಸೆನ್ಸಾರು ಬಿಸಿಯಾದಷ್ಟೂ ಕರೆಂಟಿಗೆ ಒಡ್ಡುವ ತಡೆ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಸಾವಿರ ಓಂ, 80 ಡಿಗ್ರಿಯಲ್ಲಿ ಸುಮಾರು ಮುನ್ನೂರು ಓಂ. ಮೋಟಾರು ರಿಪೇರಿಯವರ ಹತ್ತಿರ ಇರುವ ಮಲ್ಟಿಮೀಟರಿನಿಂದ ಇದನ್ನು ಅಳೆಯಬಹುದು. ಹೊಸ ಕಾರುಗಳಿಗೆ ಮೊಬೈಲ್ ಫೋನಿನಲ್ಲೇ ಓದುವ ಅಗ್ಗದ ಯಂತ್ರಗಳಿವೆ. ಇಪ್ಪತ್ತು ವರ್ಷದ ಗಾಡಿಗಳಲ್ಲಿ ಅವು ಬಹುತೇಕ ಕೆಲಸಕ್ಕೆ ಬರುವುದಿಲ್ಲ, ಮಲ್ಟಿಮೀಟರೇ ಗತಿ. ಕೀಲಿ ತೆಗೆದು, ಸೆನ್ಸಾರಿನ ಪ್ಲಗ್ ಕಳಚಿ, ಅದರ ಎರಡು ಕಡ್ಡಿಗಳಿಗೆ ಮೀಟರಿನ ತಂತಿ ಮುಟ್ಟಿಸಿದೆವು. ಬಿಸಿ ಎಂಜಿನ್ನಿನಲ್ಲಿ ಮುನ್ನೂರರ ಹತ್ತಿರವೇ ತೋರಿತು. ಸೆನ್ಸಾರು ನಿರ್ದೋಷಿ! ನಾನು ಪೆಚ್ಚಾದೆ.

ಯಜಮಾನರ ಮಗ ಕೈಯಲ್ಲಿ ಹಿಡಿದಿದ್ದ ಪ್ಲಗ್ಗನ್ನು ಬೆಳಕಿಗೆ ತಿರುಗಿಸಿ, "ಇದೇನ್ ಸಾರ್, ಪಾಚಿ ಕಟ್ಟದೆ?" ಎಂದ. ಒಳಗಿನ ತಾಮ್ರದ ಬಾಯಿಗೆ ಹಸುರು ಕಿಲುಬು ಕಟ್ಟಿತ್ತು. ಮೇಲಿನ ಪೈಪಿನ ಕ್ಲಿಪ್ಪಿನಿಂದ ತೊಟ್ಟಿಕ್ಕಿದ ಗಡಸು ನೀರು ವರ್ಷಗಟ್ಟಲೆ ಅದರ ಮೇಲೆ ಬಿದ್ದಿತ್ತು. ಸೆನ್ಸಾರಿನ ಮುನ್ನೂರು ಓಮಿಗೆ ಕಿಲುಬಿನ ಸಾವಿರವೋ ಎರಡು ಸಾವಿರವೋ ಸೇರಿ ಕಂಪ್ಯೂಟರಿಗೆ ತಲುಪುತ್ತಿತ್ತು; "ಎಂಜಿನು ಇನ್ನೂ ತಣ್ಣಗಿದೆ" ಎಂದು ತಿಳಿದು ಅದು ಪೆಟ್ರೋಲು ಸುರಿಯುತ್ತಿತ್ತು. ಕುಲುಕಾಟದಲ್ಲಿ ಸಂಪರ್ಕ ಪೂರ್ತಿ ತಪ್ಪಿದಾಗ, ಅಪಾಯ ಬೇಡವೆಂದು ಫ್ಯಾನನ್ನು ಬಿಡದೆ ತಿರುಗಿಸುವುದು ಅನೇಕ ಕಂಪ್ಯೂಟರುಗಳ ಕ್ರಮ. ಎಲ್ಲರೂ 'ಬಿಸಿ' ಎಂದು ತಿಳಿದ ಸಾಕ್ಷಿ ಇದೇ. ಆಗಾಗ ಎಂಜಿನ್ನಿನ ಎಚ್ಚರಿಕೆ ದೀಪವೂ ಹತ್ತಿರಬೇಕು. ಮೀಟರಿನ ಗಾಜಿಗೆ ಅಂಟಿಸಿದ್ದ ದೇವರ ಪಟದ ಹಿಂದೆ ಅದು ಯಾರಿಗೂ ಕಂಡಿರಲಿಲ್ಲ. ಪಟವನ್ನು ಭಕ್ತಿಯಿಂದಲೇ ಒಂದು ಗೇಣು ಪಕ್ಕಕ್ಕೆ ಸರಿಸಿದೆವು.

ಕಿಲುಬನ್ನು ಕೆರೆದು, ಸಂಪರ್ಕದ ಕ್ಲೀನರ್ ಹೊಡೆದು, ಸಡಿಲಾದ ಬಾಯಿಗಳನ್ನು ಸೂಜಿಯಿಂದ ಮೆಲ್ಲಗೆ ಬಿಗಿಮಾಡಿ, ಹೊರಗೆ ತೆಳ್ಳಗೆ ವ್ಯಾಸಲೀನ್ ಸವರಿ, ಪೈಪಿಗೆ ಹೊಸ ಕ್ಲಿಪ್ ಹಾಕಿ, ಪ್ಲಗ್ಗುಗಳ ಮಸಿ ತೆಗೆದು ಜೋಡಿಸಿದೆವು. ಅದೇ ಏರನ್ನು ಮೂರನೆಯ ಗೇರಿನಲ್ಲಿ ಹತ್ತಿತು. ಖರ್ಚು ನೂರುಗಳ ಲೆಕ್ಕದಲ್ಲಿ ಮುಗಿಯಿತು.

ಎಲ್ಲ ತಡವರಿಕೆಗೂ ಇದೇ ಕಾರಣವೆಂದು ವಾಚಕರು ತಿಳಿಯಬಾರದು. ರೋಗ ಯಾವಾಗ ಕಾಣುತ್ತದೆ ಎಂಬುದನ್ನು ಬರೆದಿಟ್ಟುಕೊಂಡರೆ ಅರ್ಧ ಉತ್ತರ ಸಿಕ್ಕಂತೆ. ನಮ್ಮ ಯಜಮಾನರ ಗಾಡಿಗೆ ತಿರುಗುಮುರುಗಾಗಿ, ಬೆಳಿಗ್ಗೆ ತಣ್ಣಗಿರುವಾಗ ಮುಗ್ಗರಿಸಿ ಬಿಸಿಯಾದ ಮೇಲೆ ಸರಿಹೋದರೆ ಪೆಟ್ರೋಲು ಸಾಲದೆಂದು ಅರ್ಥ: ಸೆನ್ಸಾರು 'ಬಿಸಿ' ಎಂದು ಸುಳ್ಳು ಹೇಳುತ್ತಿರಬಹುದು, ಚೋಕ್ ಎಳೆಯದಿರಬಹುದು, ಅಥವಾ ಒಡೆದ ಗಾಳಿ ಕೊಳವೆಯಿಂದ ಕಳ್ಳಗಾಳಿ ಒಳಗೆ ಹೋಗುತ್ತಿರಬಹುದು, ಇದಕ್ಕೆ ಬುಸ್ ಎಂಬ ಸದ್ದೇ ಗುರುತು. ಫಕ್ಕನೆ ತುಳಿದ ಕ್ಷಣ ಮಾತ್ರ ಒಮ್ಮೆ ಸತ್ತಂತಾಗಿ ಎದ್ದರೆ ಕಾರ್ಬುರೇಟರಿನ ಆಕ್ಸಿಲರೇಟರ್ ಪಂಪನ್ನು, ಎಂಪಿಎಫ್‌ಐ ಗಾಡಿಯಲ್ಲಿ ಥ್ರಾಟಲಿನ ಸೆನ್ಸಾರನ್ನು ನೋಡಿಸಿ. ಭಾರ ಹೇರಿ ಏರು ಹತ್ತುವಾಗ, ಬೇಗ ಓಡಿಸುವಾಗ ಮಾತ್ರ ಬಂದರೆ ಪೆಟ್ರೋಲ್ ಫಿಲ್ಟರು ಕಟ್ಟಿದೆಯೇ, ಪ್ಲಗ್ಗಿನ ತಂತಿ ಹಳತಾಗಿದೆಯೇ ನೋಡಬೇಕು. ಮಳೆಗಾಲದ ಕತ್ತಲೆಯಲ್ಲಿ ಬಾನೆಟ್ ತೆರೆದು ದೂರದಿಂದ ನೋಡಿದರೆ ಹಳೆಯ ತಂತಿಯ ಮೈಮೇಲೆ ನೀಲಿ ಕಿಡಿ ಹರಿಯುವುದು ಕಣ್ಣಿಗೇ ಕಾಣುತ್ತದೆ. ಎಂಜಿನು ಓಡುವಾಗ ಆ ತಂತಿಯನ್ನು ಮುಟ್ಟಬಾರದು.

ಅಂಬಾಸಿಡರಿನಂತಹ ಗಾಡಿಗಳಲ್ಲಿ ಇನ್ನೊಂದುಂಟು. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ, ನೀರಿನ ಬಿಸಿ ಸಹಜವಾಗಿದ್ದರೂ ಬೇಸಿಗೆಯ ಘಾಟಿಯಲ್ಲಿ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಹರಿಯುವುದಿಲ್ಲ. ಹಳೆಯ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಮೂಢನಂಬಿಕೆಯಲ್ಲ. 2025 ರ ಹೊತ್ತಿಗೆ ಬಂಕುಗಳಲ್ಲೆಲ್ಲ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ಬಂದಿರುವುದರಿಂದ ಹಳೆಯ ಗಾಡಿಗಳ ರಬ್ಬರು ಕೊಳವೆಗಳನ್ನು ಆಗಾಗ ಹಿಸುಕಿ ನೋಡುವುದೂ ಒಳ್ಳೆಯದು. ಮೆತ್ತಗಾಗಿದ್ದರೆ, ಬಿರುಕಿದ್ದರೆ ಬದಲಾಯಿಸಿ. ಎಥನಾಲು ನೀರನ್ನು ಎಳೆದುಕೊಳ್ಳುವ ವಸ್ತು. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ನಿಂತು ತಡವರಿಕೆ ಬರುವುದುಂಟು.

ಗ್ಯಾರೇಜಿಗೆ ಹೋದಾಗ "ಬಿಸಿ ಆಗ್ತಿದೆ" ಎಂದು ರೋಗದ ಹೆಸರನ್ನು ನೀವೇ ಹೇಳಬೇಡಿ. ಎಷ್ಟು ದೂರಕ್ಕೆ, ಏರಿನಲ್ಲೋ ಸಮದಲ್ಲೋ, ಮುಳ್ಳು ಎಲ್ಲಿತ್ತು, ಹೊಗೆಯ ಬಣ್ಣವೇನು ಎಂದಷ್ಟೇ ಹೇಳಿ. ಥರ್ಮೋಸ್ಟಾಟ್ ತೆಗೆದರೆ ಹೊಸದನ್ನು ಹಾಕುವಂತೆ ಕೇಳಿ.

ಕಳೆದ ವಾರ ಆ ಊರಿಗೆ ಹೋಗಿದ್ದೆ. ಯಜಮಾನರು ಮನೆಯವರನ್ನು ಕರೆದುಕೊಂಡು ಜಾವದಲ್ಲೇ ಆಸ್ಪತ್ರೆಗೆ ಹೊರಟಿದ್ದರು. ಹಸು ಕೊಟ್ಟಿಗೆಯಲ್ಲಿತ್ತು. ಅವರ ಸೊಸೆ ಕಾಫಿ ಕೊಟ್ಟು, ಕಪ್ಪುತಲೆ ಹುಳು ಇನ್ನೆರಡು ಮರಕ್ಕೆ ಹತ್ತಿದೆಯೆಂದು ತೋಟಕ್ಕೆ ಕರೆದುಕೊಂಡು ಹೋದರು.